ಆಯಿಲ್ ಎಲ್ಲಿಗೆ ಹೋಯಿತು

ಪಿಕಪ್ ಗಾಡಿಯ ಇಂಜಿನ್ನಿನಲ್ಲಿ ಆಯಿಲ್ ಎಷ್ಟಿದೆ ಎಂದು ತೋರಿಸುವ ಅಳತೆ ಕಡ್ಡಿಯ ತುದಿಯಲ್ಲಿ ಎರಡು ಗೀರುಗಳಿರುತ್ತವೆ. ಮೇಲಿನ ಗೀರು ಮುಟ್ಟಿದರೆ ಸುಖ, ಕೆಳಗಿನದಕ್ಕೆ ಇಳಿದರೆ ದುಃಖ. ಒಂದು ತಿಂಗಳಿಂದ ಅಳಿಯನ ಬದುಕು ಈ ಎರಡು ಗೀರುಗಳ ನಡುವೆ ಸಿಕ್ಕಿಕೊಂಡು ನರಳುತ್ತಿತ್ತು.

ಅಳಿಯ ಎಂದರೆ ಇಡೀ ಬೀದಿಗೇ ಅಳಿಯ. ಹೆಂಡತಿಯ ಮನೆಗೇ ಬಂದು ನೆಲೆಸಿದವನಿಗೆ ಸ್ವಂತ ಹೆಸರಿನಿಂದ ಕರೆಸಿಕೊಳ್ಳುವ ಭಾಗ್ಯ ಎಲ್ಲಿಂದ ಬರಬೇಕು? ಗಾಡಿಯೂ ಮಾವನದೇ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮಾವ, ಕೀಲಿ ಕೊಡುವಾಗಲೇ ಹೇಳಿದ್ದರು: "ಇಂಜಿನ್ ಹಾಳಾದ ದಿನ ಕೀಲಿ ವಾಪಸ್."

ದಿನಾ ಸಂಜೆ ಮನೆ ಮುಂದೆ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿದ ಕೂಡಲೇ ಅಳಿಯ ಬಾನೆಟ್ ಎತ್ತಿ ಕಡ್ಡಿ ಎಳೆದು ನೋಡುತ್ತಿದ್ದ. ಕೆಳಗಿನ ಗೀರು. ಅರ್ಧ ಲೀಟರ್ ಸುರಿದು ಮಲಗುತ್ತಿದ್ದ. ಮರುದಿನ ಸಂಜೆ ಮತ್ತೆ ಕೆಳಗಿನ ಗೀರು. ನೆಲದ ಮೇಲೆ ಒಂದು ತೊಟ್ಟಿಲ್ಲ, ಹಿಂದೆ ಹೊಗೆಯಿಲ್ಲ, ರೇಡಿಯೇಟರಿನ ನೀರಿನಲ್ಲಿ ಜಿಡ್ಡಿಲ್ಲ. ಸುರಿದದ್ದು ಎಲ್ಲಿಗೆ ಹೋಗುತ್ತಿದೆ ಎಂದು ಯೋಚಿಸಿ ಯೋಚಿಸಿ ಅವನಿಗೆ ತಲೆ ಕೆಟ್ಟುಹೋಗಿತ್ತು.

ಇವತ್ತಂತೂ ಅವನ ಪಾಲಿಗೆ ಅಳಿವು ಉಳಿವಿನ ದಿನ. ನಾಲ್ಕು ಗಂಟೆಗೆ ಲಾಂಡ್ರಿ ಮಾಲೀಕರು ಗಾಡಿ ನೋಡಲು ಬರುವವರಿದ್ದರು. ಆಸ್ಪತ್ರೆಯ ಬಿಳಿ ಚಾದರಗಳನ್ನು ದಿನಾ ಹೊತ್ತು ತಂದು, ಒಗೆದ ಮೇಲೆ ಮುಟ್ಟಿಸುವ ಕೆಲಸ. ಹತ್ತಿರದ ದಾರಿ, ವರ್ಷವಿಡೀ ಖಾಯಂ. ಅವರ ಷರತ್ತು ಎರಡೇ: ಗಾಡಿ ಶುಚಿಯಾಗಿರಬೇಕು, ನಡುದಾರಿಯಲ್ಲಿ ನಿಲ್ಲಬಾರದು. ಆಯಿಲ್ ಕುಡಿಯುವ ಇಂಜಿನ್ ನಡುದಾರಿಯಲ್ಲಿ ನಿಲ್ಲದೆ ಇನ್ನೆಲ್ಲಿ ನಿಲ್ಲುತ್ತದೆ?

ಬೆಳಿಗ್ಗೆ ಟೀ ಕೊಡುತ್ತಾ ಹೆಂಡತಿ ಹೇಳಿದಳು: "ರೀ, ಅಪ್ಪ ಕೇಳಿದ್ರು, ನಿಮಗೆ ನಿದ್ದೆ ಚೆನ್ನಾಗಿ ಬರುತ್ತಾ ಅಂತ."

ಮಾವ ಅಳಿಯ ಮಾತು ಬಿಟ್ಟು ಮೂರು ತಿಂಗಳಾಗಿತ್ತು. ಒಂದು ದಿನ ಪಿಕಪ್ಪಿನಲ್ಲಿ ಪಕ್ಕದ ಸೀಟಿನಲ್ಲಿ ಕೂತಿದ್ದ ಮಾವ, "ನೀನು ಗೇರ್ ಹಾಕೋದು ಕೇಳಿದ್ರೆ ನನಗೆ ಹಲ್ಲು ನೋವು ಬರುತ್ತೆ" ಅಂದಿದ್ದರು. "ಹಾಗಾದ್ರೆ ಇಳಿದು ನಡ್ಕೊಂಡು ಬನ್ನಿ" ಅಂದುಬಿಟ್ಟಿದ್ದ ಇವನು. ಮಾವ ನಿಜವಾಗಿಯೂ ಇಳಿದು ಎರಡು ಮೈಲಿ ನಡೆದು ಬಂದರು. ಅಂದಿನಿಂದ ಮನೆಯ ಮಾತೆಲ್ಲ ಹೆಂಡತಿಯ ಮೂಲಕವೇ ಸಾಗಬೇಕಿತ್ತು. ಒಂದೇ ಕೋಣೆಯಲ್ಲಿ ಎದುರುಬದುರು ಕೂತಿದ್ದರೂ ಅವಳ ಬಾಯಿಂದ ಬಾರದ ಮಾತು ಇಬ್ಬರ ಕಿವಿಗೂ ಬೀಳುತ್ತಿರಲಿಲ್ಲ.

"ನನ್ನ ನಿದ್ದೆ ಕಟ್ಕೊಂಡು ಅವರಿಗೇನಂತೆ?" ಎಂದ ಅಳಿಯ.

"ಪ್ರೀತಿ" ಎಂದು ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು. ಮಾವ ಅಷ್ಟರಲ್ಲಿ ಪಿಂಚಣಿ ಕಚೇರಿಗೆ ಹೊರಟುಹೋಗಿದ್ದರು.

ಒಂದು ಬಾಡಿಗೆ ಮುಗಿಸಿ ಒಂಬತ್ತಕ್ಕೆ ಬಂದು ಕಡ್ಡಿ ಎಳೆದು ನೋಡಿದರೆ ಅದೇ ಕೆಳಗಿನ ಗೀರು. ಅಳಿಯ ಬಂಪರಿನ ಮೇಲೆ ಕೂತು ತಲೆ ಮೇಲೆ ಕೈ ಹೊತ್ತ. ಪಕ್ಕದ ಮನೆಯ ಮೇಷ್ಟ್ರು ತಮ್ಮ ಗೇಟು ತೆರೆದು ಹತ್ತಿರ ಬಂದು ನಿಂತದ್ದೇ ಅವನಿಗೆ ತಿಳಿಯಲಿಲ್ಲ. ಈಚೆಗೆ ಆ ಬೀದಿಯ ಗೇಟುಗಳು ಕಿರುಗುಟ್ಟುವುದನ್ನೇ ಬಿಟ್ಟಿದ್ದವು.

"ಆವಿ ಆಗ್ತಿದೆಯಪ್ಪಾ" ಎಂದರು ವಿಜ್ಞಾನ ಪಾಠ ಮಾಡಿ ನಿವೃತ್ತರಾಗಿದ್ದ ಮೇಷ್ಟ್ರು. "ಬಿಸಿಯಾದ ದ್ರವ ಆವಿಯಾಗುತ್ತೆ. ಏಳನೇ ಕ್ಲಾಸಿನ ಪಾಠ."

"ಬಾಕಿಯವರ ಗಾಡೀಲಿ ಆಗಲ್ವಾ ಸಾರ್?"

"ಅವರು ನನ್ನ ಕೇಳಿಲ್ಲ."

ಎದುರು ಮನೆಯ ಟೈಲರ್ ಕುತ್ತಿಗೆಗೆ ಟೇಪು ಹಾಕಿಕೊಂಡೇ ಬಂದ. "ಆವಿ ಗೀವಿ ಏನಿಲ್ಲ. ಹೊಲಿಗೆ ಎಲ್ಲೋ ಬಿಟ್ಟಿರುತ್ತೆ. ನೀವು ಕಪ್ಪು ರಸ್ತೆ ಮೇಲೆ ಕಪ್ಪು ಆಯಿಲ್ ಹುಡುಕಿದ್ರೆ ಕಾಣುತ್ತಾ?" ಎಂದವನೇ ಎರಡು ಮೀಟರ್ ಬಿಳಿ ಲೈನಿಂಗ್ ಬಟ್ಟೆ ತಂದು ಗಾಡಿಯ ಕೆಳಗೆ ಹಾಸಿದ. ಮೂವರೂ ಮಂಡಿಯೂರಿ ಒಂದು ಗಂಟೆ ಕಾದರು. ಬಟ್ಟೆ ಹಾಲಿನಂತೆ ಬೆಳ್ಳಗೇ ಉಳಿಯಿತು. ಟೈಲರಿಗೆ ಮುಖಭಂಗವಾಯಿತು.

"ಹಾಗಾದ್ರೆ ಒಳಗೇ ಏನೋ ಆಗಿದೆ" ಎಂದು ಇಬ್ಬರೂ ಒಮ್ಮತಕ್ಕೆ ಬಂದು, ಅಳಿಯನನ್ನು ಕೇಳದೆಯೇ ಮೆಕ್ಯಾನಿಕ್ಕಿಗೆ ಫೋನ್ ಮಾಡಿದರು.

ಮೆಕ್ಯಾನಿಕ್ ಬಂದು, ಇಂಜಿನ್ ಸದ್ದು ಕೇಳಿ, ಹೊಗೆ ಕೊಳವೆ ಮೂಸಿ ನೋಡಿ ತಲೆಯಾಡಿಸಿದ. "ಇದು ಮೇಲಿಂದ ಗೊತ್ತಾಗೋ ಕಾಯಿಲೆ ಅಲ್ಲ ಅಣ್ಣಾ. ಬಿಚ್ಚಬೇಕು."

"ನಾಲ್ಕು ಗಂಟೆಗೆ ಮಾಲೀಕರು ಬರ್ತಾರೆ" ಎಂದ ಅಳಿಯ.

"ಮೂರೂವರೆಗೆ ಮುಚ್ಚಿ ಕೊಡ್ತೀನಿ."

ಬೇಡ ಎನ್ನಬೇಕು ಎಂದು ಅಳಿಯನ ನಾಲಿಗೆಯ ತುದಿವರೆಗೆ ಬಂದಿತ್ತು. ಆದರೆ ಬಿಳಿ ಚಾದರಗಳನ್ನು ಹೇರಿಕೊಂಡ ಗಾಡಿ ನಡುರಸ್ತೆಯಲ್ಲಿ ಕೆಟ್ಟು ನಿಂತಂತೆ, ಮಾವ ಕೈ ಚಾಚಿ ಕೀಲಿ ಕೇಳಿದಂತೆ ಕಣ್ಣಿಗೆ ಕಟ್ಟಿತು. ಹೂಂ ಎಂದುಬಿಟ್ಟ.

ಇದ್ದ ಆಯಿಲನ್ನೆಲ್ಲ ಒಂದು ಬೇಸನ್ನಿಗೆ ಇಳಿಸಿ, ಇಂಜಿನ್ನಿನ ಅಡಿಯ ಚೇಂಬರ್ ಕಳಚಿ, ಮೇಲಿನ ಮುಚ್ಚಳ ತೆಗೆದು ಮೆಕ್ಯಾನಿಕ್ ಟಾರ್ಚು ಬಿಟ್ಟು ನೋಡಿದ. ಎರಡು ಗಂಟೆಯವರೆಗೆ ನೋಡಿದ. ಆಮೇಲೆ ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡು, "ಇಂಜಿನ್ ಚಿನ್ನ ಇದ್ದ ಹಾಗಿದೆ. ಏನೂ ಆಗಿಲ್ಲ" ಎಂದ.

"ಆಯಿಲ್ ಎಲ್ಲಿಗೆ ಹೋಗ್ತಿದೆ?"

"ಗೊತ್ತಿಲ್ಲ."

ಅಳಿಯನಿಗೆ ಅಳು ಬಂತು. ಕಾಯಿಲೆ ಇದ್ದರೆ ಮದ್ದಿದೆ. ಕಾಯಿಲೆಯೇ ಇಲ್ಲ ಅಂದರೆ ಏನು ಮಾಡೋದು? ಮೇಷ್ಟ್ರು ಮಾತ್ರ ಖುಷಿಯಾಗಿ, "ನಾನು ಹೇಳಲಿಲ್ವಾ, ಆವಿ" ಎನ್ನುತ್ತಾ ವಿವರಿಸಲು ಒಂದು ಹೆಜ್ಜೆ ಮುಂದಿಟ್ಟರು. ಆ ಹೆಜ್ಜೆ ನೇರವಾಗಿ ಬೇಸನ್ನಿನ ಅಂಚಿನ ಮೇಲೆ ಬಿತ್ತು. ಬೇಸನ್ನು ಮಗುಚಿ ಇದ್ದಬದ್ದ ಆಯಿಲೆಲ್ಲ ಚರಂಡಿಗೆ ಹರಿಯಿತು.

"ಈಗ ಎಲ್ಲಿಗೆ ಹೋಯ್ತು ಅಂತ ಗೊತ್ತಾಯ್ತು" ಎಂದ ಟೈಲರ್.

ಸೋರದಂತೆ ಚೇಂಬರಿನ ಅಂಚಿಗೆ ಕೂರಿಸುವ ಹೊಸ ಪ್ಯಾಕಿಂಗ್ ತರಲು ಹೊತ್ತಿರಲಿಲ್ಲ. ಹಳೆಯದಕ್ಕೇ ಅಂಟು ಬಳಿದು ಮೆಕ್ಯಾನಿಕ್ ಚೇಂಬರ್ ಬಿಗಿದ. ಮೂರೂ ಕಾಲಾಗಿತ್ತು. ಇಂಜಿನ್ ಒಣಗಿ ಕೂತಿತ್ತು, ಅಳಿಯನ ಡಬ್ಬದಲ್ಲಿ ತಳ ಕಾಣುತ್ತಿತ್ತು, ಆಯಿಲ್ ಅಂಗಡಿ ಊರಿನ ಆ ತುದಿಯಲ್ಲಿತ್ತು. ಆಗ ಮಾವ ಪಿಂಚಣಿ ಕಚೇರಿಯಿಂದ ವಾಪಸು ಬಂದರು.

ಅವರು ಗಾಡಿ ನೋಡಿದರು, ಚರಂಡಿ ನೋಡಿದರು, ಮಗಳನ್ನು ಕರೆದು, "ಇದೇನು ಅವಾಂತರ ಕೇಳು" ಎಂದರು.

"ಆಯಿಲ್ ಬೇಕಂತೆ ಅಪ್ಪಾ. ದಿನಾ ಖಾಲಿ ಆಗುತ್ತಂತೆ, ಯಾಕೇಂತ ನೋಡೋಕೆ ಬಿಚ್ಚಿದ್ರಂತೆ."

ಮಾವ ಒಳಗೆ ಹೋದರು. ತಮ್ಮ ಮಂಚದ ಕೆಳಗಿನಿಂದ ಒಂದೊಂದಾಗಿ ನಾಲ್ಕು ಕ್ಯಾನುಗಳನ್ನು ತಂದು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟರು. ಎಲ್ಲದರಲ್ಲೂ ಇಂಜಿನ್ ಆಯಿಲ್.

"ಇದು ಎಲ್ಲಿಂದ ಬಂತು ಕೇಳು" ಎಂದ ಅಳಿಯ.

"ಅವನ ಇಂಜಿನ್ನಿಂದಲೇ ಅಂತ ಹೇಳು. ದಿನಾ ಬೆಳಿಗ್ಗೆ ಎದ್ದು ನೋಡ್ತೀನಿ, ಮೇಲಿನ ಗೀರು ದಾಟಿರುತ್ತೆ. ಆಯಿಲ್ ಹೆಚ್ಚಾದ್ರೆ ಇಂಜಿನ್ ಹಾಳಲ್ವಾ? ಕಡ್ಡಿ ತೂತಿಗೆ ನಳಿಕೆ ಇಳಿಸಿ ಹೀರಿ ತೆಗೀತಿದ್ದೆ. ಮಿಕ್ಕಿದ್ದು ಬೀದಿ ಗೇಟಿಗೆಲ್ಲ ಹಾಕಿದೀನಿ."

ಮೇಷ್ಟ್ರು, ಟೈಲರ್ ಇಬ್ಬರೂ ತಮ್ಮ ತಮ್ಮ ಗೇಟಿನ ಕಡೆ ನೋಡಿದರು.

ಮೆಕ್ಯಾನಿಕ್ ಅಳಿಯನನ್ನು ಕೇಳಿದ: "ಅಣ್ಣಾ, ನೀವು ಕಡ್ಡಿ ಯಾವಾಗ ನೋಡ್ತಿದ್ರಿ?"

"ಗಾಡಿ ಆಫ್ ಮಾಡಿದ ತಕ್ಷಣ."

"ಆಗ ಆಯಿಲ್ ಇನ್ನೂ ಇಂಜಿನ್ನಿನ ಮೇಲ್ಗಡೆನೇ ಇರುತ್ತಲ್ಲಣ್ಣಾ. ಕೆಳಗಿಳಿಯೋಕೆ ಹೊತ್ತು ಬೇಡ್ವಾ? ನಿಮಗೆ ಕಮ್ಮಿ ಕಂಡಿದೆ, ಬೆಳಿಗ್ಗೆ ಎಲ್ಲ ಇಳಿದ ಮೇಲೆ ಅವರಿಗೆ ಜಾಸ್ತಿ ಕಂಡಿದೆ."

ಅಳಿಯ ಮೆಟ್ಟಿಲ ಮೇಲೆ ಕುಸಿದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಅದೂ ಹೊಲದ ಒಳ್ಳೆಯದಕ್ಕೇ. "ಒಂದು ಮಾತು ಹೇಳಬಾರದಿತ್ತಾ ಕೇಳು" ಎಂದ.

"ದಿನಾ ಹೇಳಿ ಕಳಿಸ್ತಿದ್ದೆನಲ್ಲ" ಎಂದರು ಮಾವ ಮಗಳ ಕಡೆ ತಿರುಗಿ. "ಇವತ್ತು ಬೆಳಿಗ್ಗೆ ಕೂಡ ಹೇಳಿದ್ದೆ. ಆಯಿಲ್ ಅಳೆಯೋವಾಗ ನಿನ್ನ ಗಂಡ ನಿದ್ದೆ ಮಾಡ್ತಾನಾ ಕೇಳು ಅಂತ."

ಎಲ್ಲರೂ ಅವಳನ್ನು ನೋಡಿದರು.

"ನಿದ್ದೆ ವಿಷಯ ಕೇಳಿದ್ದೆ" ಎಂದಳು ಅವಳು ಸೆರಗಿನ ತುದಿ ಸುತ್ತುತ್ತಾ. "ನೀವಿಬ್ಬರು ಹೇಳಿದ್ದನ್ನ ಹಾಗೇ ಹೇಳಿದ್ರೆ ಈ ಮನೇಲಿ ಒಂದು ಪಾತ್ರೆ ನೆಟ್ಟಗೆ ಉಳಿಯುತ್ತಿತ್ತಾ?"

ಜಗಳಕ್ಕೆ ಹೊತ್ತಿರಲಿಲ್ಲ. ಮಾವನ ಕ್ಯಾನುಗಳಿಂದಲೇ ಇಂಜಿನ್ ತುಂಬಿಸಿದರು. ಸರಿಯಾಗಿ ನಾಲ್ಕಕ್ಕೆ ಲಾಂಡ್ರಿ ಮಾಲೀಕರು ಬಂದರು, ಅಡಿಯಿಂದ ಮುಡಿವರೆಗೆ ಬಿಳಿ ಉಡುಪು. ಇಂಜಿನ್ ಶುರು ಮಾಡಿಸಿದರು. ಸದ್ದು ಜೇನಿನಂತೆ ಗುಂಯ್‌ಗುಟ್ಟಿತು. ಹೊಗೆಯಿಲ್ಲ. ಅಳಿಯನ ಎದೆ ಸ್ವಲ್ಪ ಹಗುರಾಯಿತು. ಮಾಲೀಕರು ಬಗ್ಗಿ ಗಾಡಿಯ ಕೆಳಗೆ ನೋಡಿದರು. ಬಿಚ್ಚುವಾಗ ಪಕ್ಕಕ್ಕೆ ಸರಿಸಿ ಟೈಲರ್ ಮತ್ತೆ ಹಾಸಿದ್ದ ಬಿಳಿ ಬಟ್ಟೆ ಅಲ್ಲೇ ಇತ್ತು.

ಹಳೆಯ ಪ್ಯಾಕಿಂಗಿನ ಸಂದಿಯಿಂದ ಒಂದು ತೊಟ್ಟು ಜಾರಿ ಬಟ್ಟೆಯ ನಟ್ಟನಡುವೆ ಬಿತ್ತು. ಅದರ ಹಿಂದೆ ಇನ್ನೊಂದು.

"ನಮ್ಮದು ಬಿಳಿ ಬಟ್ಟೆ ವ್ಯವಹಾರ" ಎಂದಷ್ಟೇ ಹೇಳಿ ಮಾಲೀಕರು ಹೊರಟುಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ಸೋರ್ತಿದೆ ಅಂತ ನಾನು ಬೆಳಿಗ್ಗೇನೇ ಹೇಳಿದ್ದೆ" ಎಂದು ಟೈಲರ್ ಸಮಾಧಾನದಿಂದ ಮನೆಗೆ ನಡೆದ. ಮೇಷ್ಟ್ರೂ ಜಾಗ ಖಾಲಿ ಮಾಡಿದರು.

ಅಳಿಯನಿಗೆ ತಡೆಯಲಾಗಲಿಲ್ಲ. ಮೂರು ಮಾರು ದೂರದಲ್ಲಿ ನಿಂತಿದ್ದ ಮಾವನಿಗೆ ಕೇಳಿಸುವಂತೆಯೇ ಹೆಂಡತಿಗೆ ಹೇಳಿದ: "ನಿಮ್ಮಪ್ಪನಿಗೆ ಹೇಳು. ನನ್ನ ಹೊಟ್ಟೆ ಮೇಲೆ ಹೊಡೆದ್ರು. ಇನ್ನು ಈ ಗಾಡಿ ಹತ್ತಿರ ಸುಳಿದ್ರೆ ಚೆನ್ನಾಗಿರಲ್ಲ ಅಂತ."

ಅವಳು ಒಂದು ಕ್ಷಣ ಯೋಚಿಸಿ ತಂದೆಯ ಕಡೆ ತಿರುಗಿದಳು. "ಅಪ್ಪಾ, ಅವರಿಗೆ ತುಂಬಾ ಬೇಜಾರಾಗಿದೆ. ಇನ್ಮೇಲೆ ಗಾಡಿನ ನೀವೇ ಜೊತೆಗಿದ್ದು ನೋಡ್ಕೋಬೇಕಂತೆ."

ಮಾವ ಗಂಭೀರವಾಗಿ ತಲೆಯಾಡಿಸಿದರು. ಅವಳ ಬಾಯಿಂದ ಬಂದದ್ದೇ ಅವರಿಗೆ ಕೇಳಿಸಿದ ಮಾತು. "ಆಗಲಿ. ಕೀಲಿ ನನ್ನ ಹತ್ತಿರ ಇರುತ್ತೆ. ನಾಳೆಯಿಂದ ದಿನಾ ಪಕ್ಕದ ಸೀಟಲ್ಲಿ ಕೂತು ನಾನೂ ಬರ್ತೀನಿ, ಗೇರ್ ಹಾಕೋದು ಕಲಿಸ್ತೀನಿ ಅಂತ ಹೇಳು."

ಇದೊಂದನ್ನಾದರೂ ತಿದ್ದು ಎಂಬಂತೆ ಅಳಿಯ ಹೆಂಡತಿಯ ಮುಖ ನೋಡಿದ. ಅವಳು ಮನೆಯ ಬಾಗಿಲ ಕಡೆ ನೋಡಿದಳು. ನಾಳೆಯಿಂದ ದಿನಾ ಸಂಜೆವರೆಗೆ ಇಬ್ಬರೂ ಇಲ್ಲದ ಮನೆ. ಮೂರು ತಿಂಗಳಲ್ಲಿ ಮೊದಲ ಸಲ, ತಂದೆಯ ಮಾತನ್ನು ಅವಳು ಒಂದಕ್ಷರವನ್ನೂ ಬಿಡದೆ ಗಂಡನಿಗೆ ಹೇಳಿದಳು.