ಮೌಶಿ ಜಗಳಾಡಿ ಕೊಡಿಸಿದ ದೋಸ್ತಿ

ನಮ್ಮ ಮೌಶಿ ಜಗಳವಾಡದೆ ಸುಮ್ಮನಿದ್ದಾಳೆಂದರೆ ಒಂದೋ ಅವಳಿಗೆ ಜ್ವರ ಬಂದಿರಬೇಕು, ಇಲ್ಲವೇ ಎದುರಿಗಿರುವವರು ಕಿವುಡರಾಗಿರಬೇಕು. ಕಿವುಡರೆಂದು ಬಿಟ್ಟಾಳೆಯೇ? ಕೈ ಇರುವುದು ಮತ್ತೇಕೆ! ತರಕಾರಿಯವನ ಜೊತೆ ಒಂದು ಸುತ್ತು ಆಗದೆ ಅವಳಿಗೆ ಬೆಳಗಿನ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಇಂಥವಳು ನನಗೆ ಗೆಳತಿಯರನ್ನು ಹುಡುಕಿಕೊಡಲು ಹೊರಟಳು ಎಂದರೆ ನನ್ನ ಗ್ರಹಚಾರವನ್ನು ನೀವೇ ಊಹಿಸಿಕೊಳ್ಳಿ.

ಔರಾದಿನಲ್ಲಿ ಬಿ.ಎಸ್ಸಿ. ಮೊದಲ ವರ್ಷ ಮುಗಿಸಿದ್ದೆ. ಮಕ್ಕಳು ಸಾಲದೆಂದು ನಮ್ಮ ವಿಭಾಗಕ್ಕೆ ಬಾಗಿಲು ಹಾಕಿದರು. ಜೊತೆಯವರಲ್ಲಿ ಕೆಲವರು ಓದು ಬಿಟ್ಟರು, ಕೆಲವರಿಗೆ ಮದುವೆಯಾಯಿತು. ನಾನು ವರ್ಗಾವಣೆ ಪಡೆದು ಬೀದರಿನ ಕಾಲೇಜಿಗೆ ಬಂದೆ. ವಾಸ ಊರಂಚಿನ ಚಿದ್ರಿಯಲ್ಲಿ, ಅವ್ವನ ತಂಗಿಯಾದ ಈ ಮೌಶಿಯ ಮನೆಯಲ್ಲಿ. ಅವಳಿಗೆ ಮಕ್ಕಳಿಲ್ಲ, ಗಂಡ ಲಾರಿ ಡ್ರೈವರು, ಹೊರಟರೆ ವಾರಗಟ್ಟಲೆ ಸುದ್ದಿಯಿಲ್ಲ.

ಎರಡನೆಯ ವರ್ಷಕ್ಕೆ ಹೊಸ ಕಾಲೇಜು ಸೇರುವುದೆಂದರೆ ಅರ್ಧ ಊಟವಾದ ಪಂಕ್ತಿಯಲ್ಲಿ ಹೋಗಿ ಕೂತ ಹಾಗೆ. ಬಡಿಸುವವರೂ ನಿಮ್ಮ ಕಡೆ ನೋಡುವುದಿಲ್ಲ. ಯಾವ ಬೆಂಚಿನ ಹತ್ತಿರ ಹೋದರೂ "ಇಲ್ಲಿ ನಮ್ಮಾಕಿ ಬರ್ತಾಳ್ರಿ" ಎನ್ನುವ ಉತ್ತರ. ಆ 'ನಮ್ಮಾಕಿ' ಬರಲಿ ಬಿಡಲಿ, ಬೆಂಚು ಮಾತ್ರ ಅವಳಿಗಾಗಿ ಕಾದಿರುತ್ತಿತ್ತು! ನನ್ನ ಹೆಸರನ್ನು ಯಾರೂ ಕೇಳಲಿಲ್ಲ. "ಏ ಔರಾದ!" ಎಂದು ಕರೆದರು, ಬಸ್ಸಿನ ಬೋರ್ಡು ಓದಿದ ಹಾಗೆ.

ಕಾಲೇಜಿನವರು ಕೈಕಟ್ಟಿ ಕೂತರು ಎನ್ನಬೇಡಿ. ಬೇರೆ ಕಡೆಯಿಂದ ಬಂದವರಿಗೆಂದೇ ಸ್ನೇಹಕೂಟ ಏರ್ಪಡಿಸಿದರು. ನಮ್ಮನ್ನು ವೇದಿಕೆಯ ಮೇಲೆ ಸಾಲಾಗಿ ಕೂರಿಸಿ ಕೈಗೊಂದು ಗುಲಾಬಿ ಕೊಟ್ಟರು. ಸ್ನೇಹದ ಮಹತ್ವದ ಬಗ್ಗೆ ಭಾಷಣವಾಯಿತು. ಭಾಷಣ ಮುಗಿಯುವ ಹೊತ್ತಿಗೆ ಗುಲಾಬಿ ಬಾಡಿತ್ತು, ಸಭಾಂಗಣ ಖಾಲಿಯಾಗಿತ್ತು. ಉಳಿದವರು ನಾವೇ! ಫೋಟೊ ತೆಗೆದು ನಮ್ಮನ್ನು ನಮ್ಮ ನಮ್ಮ ತರಗತಿಗೆ ಅಟ್ಟಿದರು.

ಆ ಸಂಜೆ ಮೌಶಿಗೆ ಹೇಳಿಬಿಟ್ಟೆ: "ನಾ ಕಾಲೇಜ್ ಬಿಡ್ತೇನಿ. ಊರಿಗಿ ಹೋಗ್ತೇನಿ."

"ಯಾಕ? ಯಾರರೆ ಏನರೆ ಅಂದ್ರೇನು?"

"ಯಾರೂ ಏನೂ ಅನ್ನಂಗಿಲ್ಲ, ಅದಕ್ಕೇ. ಹೆಸರು ಸೈತ ಕೇಳಿಲ್ಲ. ಔರಾದ ಅಂತಾರ."

ಮೌಶಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನೀ ಯಾರ ಸಂಗಟನಾದ್ರೂ ಜಗಳಾಡಿಯೇನು?"

"ಇಲ್ಲ."

"ಮತ್ತ ದೋಸ್ತಿ ಹ್ಯಾಂಗ ಆಗ್ತದ?"

ಮರುದಿನ ಮಧ್ಯಾಹ್ನ ಡಬ್ಬಿ ಕೊಡುವ ನೆಪದಲ್ಲಿ ಕಾಲೇಜಿಗೇ ಬಂದಳು. ನಾನು ಸೈಕಲ್ ಸ್ಟ್ಯಾಂಡಿನ ಬಳಿ ಒಬ್ಬಳೇ ನಿಂತಿದ್ದೆ. ಬೇವಿನ ಮರದ ಕಟ್ಟೆಯ ಮೇಲೆ ನನ್ನ ತರಗತಿಯ ಮೂವರು ಕಾಲು ಚಾಚಿ ಕೂತಿದ್ದರು. ಮೌಶಿ ನೆಟ್ಟಗೆ ಅಲ್ಲಿಗೆ ಹೋಗಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ನನ್ನ ಜೀವ ಹೋಯಿತು!

"ಯಾಕವ್ವಾ, ಈ ಕಟ್ಟಿ ನಿಮ್ಮಪ್ಪ ಕಟ್ಟ್ಯಾನೇನು?"

ಭಾಲ್ಕಿಯಿಂದ ದಿನವೂ ರೈಲಿನಲ್ಲಿ ಬರುವ ಎತ್ತರದ ಹುಡುಗಿ ಅಷ್ಟೇ ಗಟ್ಟಿಯಾಗಿ ಹೇಳಿದಳು: "ಹೌದ್ರಿ. ನಮ್ಮಪ್ಪ ಗೌಂಡಿ ಅದಾನ್ರಿ. ಅವನೇ ಕಟ್ಟ್ಯಾನ."

ಮೌಶಿಯ ಬಾಯಿ ಕಟ್ಟಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ಕಟ್ಟೆಯನ್ನು ಒಮ್ಮೆ ನೋಡಿದಳು, ಹುಡುಗಿಯನ್ನು ಒಮ್ಮೆ ನೋಡಿದಳು, ನಕ್ಕುಬಿಟ್ಟಳು. "ಛಲೋ ಕಟ್ಟ್ಯಾನ ಬಿಡು. ಇಕೀಗಿ ಒಂದೀಟು ಜಾಗಾ ಕೊಡ್ರಿ. ಇಕಿ ಹೆಸರು ಔರಾದ ಅಲ್ಲ, ಸುಜಾತಾ."

ಜಾಗ ಸಿಕ್ಕಿತು. ಆದರೆ ಅದು ನನಗೆ ಸಿಕ್ಕ ಜಾಗವೇ? ಬೆಳಗಾದರೆ ಸಾಕು, "ನಿಮ್ಮ ಮೌಶಿ ಇವತ್ತ ಯಾರ ಸಂಗಟ ಜಗಳಾಡಿದ್ರು?" ಎಂಬ ಪ್ರಶ್ನೆ. ಯಾರ ಜೊತೆಗೂ ಇಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ಮೌಶಿಯೇ ಆಟ; ನಾನು ಬಾಗಿಲಲ್ಲಿ ಟಿಕೆಟ್ಟು ಹರಿಯುವವಳು, ಅಷ್ಟೇ!

ಒಂದು ಭಾನುವಾರ ಮೂವರೂ ಚಿದ್ರಿಗೆ ಬಂದರು. ಮೌಶಿ ಒಳಗೆ ಭಜಿ ಕರಿಯುತ್ತಿದ್ದಳು. ಹೊರಗಿನ ಕೋಣೆಯಲ್ಲಿ ಭಾಲ್ಕಿಯವಳು ಓಢಣಿಯನ್ನು ಸೊಂಟಕ್ಕೆ ಬಿಗಿದು, ಕಣ್ಣರಳಿಸಿ, "ಈ ಕಟ್ಟಿ ನಿಮ್ಮಪ್ಪ ಕಟ್ಟ್ಯಾನೇನು?" ಎಂದಳು. ಉಳಿದಿಬ್ಬರು ಬಿದ್ದು ಬಿದ್ದು ನಕ್ಕರು. ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಮೌಶಿ ತಾಟು ಹಿಡಿದು ನಿಂತಿದ್ದಾಳೆ.

ನನ್ನ ಮೈ ಉರಿದುಹೋಯಿತು. "ಏಳ್ರಿ ಇಲ್ಲಿಂದ! ನಿಮ್ಮ ದೋಸ್ತಿ ನನಗ ಬ್ಯಾಡ."

"ಏ, ಸುಮ್ಮ ಕೂಡು. ಭಜಿ ಆರ್ತಾವ," ಎಂದಳು ಮೌಶಿ. ತಾಟನ್ನು ಕೆಳಗಿಟ್ಟು, ಮುಖ ಬಿಳಿಚಿಕೊಂಡು ನಿಂತಿದ್ದ ಭಾಲ್ಕಿಯವಳ ಕೈ ಹಿಡಿದಳು. "ಕೈ ಹಾಂಗಲ್ಲವ್ವಾ. ಬೊಟ್ಟು ಮೂಗಿನ ಹಂತ್ಯಾಕ ಬರಬೇಕು. ನೋಡು, ಹಿಂಗ!"

"ತಪ್ಪಾತ್ರಿ ಮೌಶಿ," ಎಂದ ಆ ಹುಡುಗಿಯ ಕಣ್ಣಲ್ಲಿ ನೀರಿತ್ತು. ಭಜಿಯನ್ನು ಮಾತ್ರ ಎರಡನೆಯ ಸಲವೂ ಹಾಕಿಸಿಕೊಂಡಳು.

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ನಿನಗ ಸಿಟ್ಟು ಬರಲಿಲ್ಲೇನು? ನಿನ್ನ ಮ್ಯಾಲ ನಗ್ತಾರ ಅವರು."

"ನಗಲಿ ಬಿಡು. ನಿನ್ನ ಬಾಜೂಕ ಕುಂತು ನಗ್ತಾರಲ್ಲ."

ಮೌಶಿ ತಾಟುಗಳನ್ನು ಒಂದರೊಳಗೊಂದು ಇಡುತ್ತ ಹೇಳಿದಳು: "ನಾ ಮದಿವ್ಯಾಗಿ ಹಲಬರ್ಗಾದಿಂದ ಈ ಓಣಿಗಿ ಬಂದಾಗ ನನ್ನ ನೋಡಿ ನಗಲಾಕ ಸೈತ ಯಾರೂ ಬಾಗಿಲಿಗಿ ಬರಲಿಲ್ಲ. ಜಗಳಾಡಿದ್ರ ಎರಡು ಮಾತರೆ ಆಡ್ತಾರ ಅಂತ..."

ತಾಟುಗಳನ್ನು ಅಲ್ಲೇ ಬಿಟ್ಟು ಎದ್ದಳು. ಅವಳು ಕಿಟಕಿಯ ಸರಳು ಹಿಡಿದು, ಹುಡುಗಿಯರು ತಿರುಗಿ ಹೋದ ಮೂಲೆಯನ್ನೇ ನೋಡುತ್ತ, ತನ್ನದಲ್ಲದ ಮೆಲುದನಿಯಲ್ಲಿ ಕೇಳಿದಳು:

"ಮತ್ತ ಯಾವಾಗ ಬರ್ತಾರಂತ ಅವರು?"