ಮೈದುನನ ಸ್ವೀಡಿಷ್ ಕ್ಯಾಸೆಟ್

ಒಂದು ಶಬ್ದವನ್ನೂ ಬಿಡಿಸಿ ಅರ್ಥ ಹೇಳಲಾರದೆ ಸ್ವೀಡಿಷ್ ಭಾಷೆಯಲ್ಲಿ ಅರ್ಧ ಗಂಟೆ ನಿರರ್ಗಳವಾಗಿ ಮಾತನಾಡಬಲ್ಲ ಮನುಷ್ಯ ಇಡೀ ಮಸ್ಕತ್ತಿನಲ್ಲಿ ಒಬ್ಬನೇ ಇದ್ದ. ಅವನು ನನ್ನ ಮೈದುನ!

ಅದೊಂದು ಗುರುವಾರ ಬೆಳಿಗ್ಗೆ, ಬಾಲ್ಕನಿಯ ತುಪ್ಪದ ಡಬ್ಬದಲ್ಲಿ ಬೆಳೆಸಿದ ಬಸಳೆ ಕೊಯ್ಯುತ್ತಿದ್ದೆ. ಇವರು ಆಫೀಸಿನಿಂದ ಫೋನ್ ಮಾಡಿ, "ನಾಳೆ ಇಬ್ರಾ ಊರಿಂದ ಹುಡುಗಿಯ ಅಪ್ಪ ಬರ್ತಾರೆ, ತಮ್ಮನನ್ನು ನೋಡ್ಲಿಕ್ಕೆ" ಎಂದರು. ಬಸಳೆ ಕೈಯಲ್ಲೇ ಉಳಿಯಿತು. ನನಗೆ ಮೊದಲು ನೆನಪಾದದ್ದು ಆ ಕ್ಯಾಸೆಟ್. ಅದು ಅವರ ಕಿವಿಗೆ ಬೀಳದ ಹಾಗೆ ಎಲ್ಲಿ ಅಡಗಿಸುವುದು?

ಮೈದುನ ಮಸ್ಕತ್ತಿನ ಹಮ್ರಿಯಾದಲ್ಲಿದ್ದ ನಮ್ಮ ಮನೆಯಲ್ಲೇ ಇದ್ದು ಜನರೇಟರ್ ವರ್ಕ್‌ಶಾಪಿಗೆ ಹೋಗುತ್ತಿದ್ದ. ಅಲ್ಲಿಗೆ ಬಂದಿದ್ದ ಸ್ವೀಡನ್ನಿನ ಇಂಜಿನಿಯರೊಬ್ಬರ ಅಕ್ಕನ ಮಗ ಗೆಳೆಯರ ಜೊತೆ ಸೇರಿ ಮಾಡಿದ ಕ್ಯಾಸೆಟ್ ಅದು. ಹಿಪ್-ಹಾಪ್ ಎಂದು ಹೆಸರಂತೆ. ಹಾಡುವುದಲ್ಲ, ತಾಳಕ್ಕೆ ಸರಿಯಾಗಿ ಮಾತು ಸುರಿಯುವುದು. ಯಾವ ಅಂಗಡಿಯಲ್ಲೂ ಸಿಗದು. ಒಬ್ಬರಿಂದ ಒಬ್ಬರು ಪ್ರತಿ ಮಾಡಿಕೊಳ್ಳಬೇಕು.

ರೆಕಾರ್ಡ್ ಮಾಡಿದ್ದು ಎಲ್ಲಿ ಬಲ್ಲಿರಾ? ಅವರ ಕಟ್ಟಡದ ನೆಲಮಾಳಿಗೆಯಲ್ಲಿ, ಎಲ್ಲ ಮನೆಯವರೂ ಬಟ್ಟೆ ಒಗೆಯುವ ಕೋಣೆಯಲ್ಲಿ! ಹಿಂದಿನಿಂದ ವಾಷಿಂಗ್ ಮೆಷಿನ್ ತಿರುಗುವುದು ಕೇಳುತ್ತದೆ. ಅದನ್ನು ಪತ್ತೆ ಹಚ್ಚಿದವಳು ನಾನು. ದೊಡ್ಡ ಸಂಗೀತಗಾರರಿಗೂ ಅದು ತಿಳಿಯಲಿಕ್ಕಿಲ್ಲ. ಮೂರನೆಯ ಹಾಡಿನ ನಡುವೆ ಯಾರೋ ಹೆಂಗಸು ಬಾಗಿಲು ಬಡಿದು ಗದರುತ್ತಾಳೆ. ಹುಡುಗ ತಡವರಿಸುತ್ತಾನೆ, ನಗುತ್ತಾನೆ, ಮತ್ತೆ ಶುರು ಮಾಡುತ್ತಾನೆ. ಅದನ್ನು ಅಳಿಸಿಯೂ ಇಲ್ಲ! ನಾನಾದರೆ ಹರಿದ ದೋಸೆಯನ್ನು ನೆಂಟರಿಗೆ ಬಡಿಸುತ್ತೇನೆಯೇ? ಮೈದುನನಿಗೆ ಮಾತ್ರ ಆ ಜಾಗವೇ ಪ್ರಾಣ. ಹಿಂದಕ್ಕೆ ತಿರುಗಿಸಿ ತಿರುಗಿಸಿ ಅದನ್ನೇ ಕೇಳುತ್ತಿದ್ದ.

ಇಂಜಿನಿಯರ್ ಅದರ ಸಾರಾಂಶ ತಿಳಿಸಿದ್ದರಂತೆ: ಲಿಫ್ಟ್ ಕೆಟ್ಟಿದೆ, ಬಸ್ಸು ಬರಲಿಲ್ಲ, ಕೆಲಸ ಮುಗಿಸಿ ಬಂದ ಅಮ್ಮನಿಗೆ ಕಾಲು ನೋವು. ಇಷ್ಟಕ್ಕೆ ಹಾಡು ಬೇಕೆ ಎಂದುಕೊಂಡಿದ್ದೆ. ಮರುವಾರ ನಮ್ಮ ಲಿಫ್ಟೂ ಕೆಟ್ಟು, ಅಕ್ಕಿ ಹೊತ್ತು ಮೂರು ಮಹಡಿ ಹತ್ತಿದಾಗ ಬೇಕು ಅನ್ನಿಸಿತು. ದೇವರ ದಯೆ, ನಾಲ್ಕನೆಯ ಮಹಡಿಯಲ್ಲಿ ನಮಗೆ ಮನೆ ಸಿಕ್ಕಿರಲಿಲ್ಲ.

ಪಕ್ಕದ ಮನೆಯಲ್ಲಿ ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು, ನಮಗೆಲ್ಲ ಬಾಯಮ್ಮ. ಒಂದು ದಿನ ಗಾಬರಿಯಿಂದ ಬಂದರು.

"ನಿಮ್ಮಲ್ಲಿ ಯಾರು ಯಾರಿಗೆ ಬೈಯುದು?"

"ಬೈಗುಳ ಅಲ್ಲ ಬಾಯಮ್ಮ, ಹಾಡು."

"ಹಾಡೇ ಹೀಗಾದ್ರೆ ಅವರು ಬೈಯುದು ಹೇಗೆ?"

ಒಂದು ಸಂಗತಿ ಇನ್ನೂ ಹೇಳಿಲ್ಲ. ಮೈದುನನಿಗೆ ಉಗ್ಗು. ನೀರು ಬೇಕೆಂದು ಅವನು 'ನೀ' ಎನ್ನುವಷ್ಟರಲ್ಲಿ ಲೋಟ ಅವನ ಮುಂದೆ ಇರುತ್ತಿತ್ತು. ಅವನ ಮಾತುಗಳನ್ನು ಮುಗಿಸಿಕೊಡುವ ಸೇವೆ ನನ್ನದು. ಪುಣ್ಯದ ಕೆಲಸವೆಂದೇ ಮಾಡುತ್ತಿದ್ದೆ. ಹಿಂದೊಂದು ಸಂಬಂಧ ಬಂದಾಗ ಅವನನ್ನು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟಿದ್ದೆ. ಹುಡುಗಿಯ ಸೋದರಮಾವ ಚಪ್ಪಲಿ ಮೆಟ್ಟುತ್ತಾ ಹೇಳಿದ್ದರು, "ಅತ್ತಿಗೆ ನಮಗೆ ಒಪ್ಪಿಗೆ. ಹುಡುಗ ಹೇಗೆ ಅಂತ ಗೊತ್ತಾಗ್ಲಿಲ್ಲ."

ಈ ಸಂಬಂಧವೂ ತಪ್ಪಿದರೆ ಇನ್ನು ಮದುವೆಯ ಮಾತೇ ಬೇಡ ಎಂದು ಮೈದುನ ಅಣ್ಣನಿಗೆ ಹೇಳಿಬಿಟ್ಟಿದ್ದ.

ಆ ಮಧ್ಯಾಹ್ನ ಕ್ಯಾಸೆಟ್ ಅಡಗಿಸಲು ಅವನ ಕೋಣೆಗೆ ಹೋದೆ. ಅದು ಓಡುತ್ತಿತ್ತು, ಅದರ ಜೊತೆ ಇವನ ಬಾಯಿಯೂ. ಎಲ್ಲೂ ಎಡವದೆ, ಕಾಳು ಕುಟ್ಟಿದ ಹಾಗೆ! ಆ ಹುಡುಗ ತಡವರಿಸುವಲ್ಲಿ ಇವನೂ ಬೇಕೆಂದೇ ತಡವರಿಸಿ, ನಕ್ಕು, ಮತ್ತೆ ಹಿಡಿದ.

"ಇದು ಹೇಗೆ ಮಾರಾಯ? ತುಳುವಿನಲ್ಲಿ ಬಾರದ್ದು, ಕನ್ನಡದಲ್ಲಿ ಬಾರದ್ದು..."

"ಇದರಲ್ಲಿ... ನನ್ನ ಮಾತು..."

"ಸಲೀಸಾಗಿ ಬರ್ತದೆ," ಎಂದು ಮುಗಿಸಿಕೊಟ್ಟೆ.

ಅವನು ಅಲ್ಲವೆಂದು ತಲೆಯಾಡಿಸಿದ. ಮತ್ತೆ ಶುರು ಮಾಡಿದ. "ನನ್ನ ಮಾತು... ಬೇರೆ ಯಾರೂ... ಮುಗಿಸುದಿಲ್ಲ ಅತ್ತಿಗೆ."

ಇಷ್ಟು ವರ್ಷ ಕಟ್ಟಿಟ್ಟ ಪುಣ್ಯದ ಗಂಟು ಅಲ್ಲೇ ಬಿಚ್ಚಿಹೋಯಿತು. ಕ್ಯಾಸೆಟ್ ಅಡಗಿಸದೆ ಹೊರಗೆ ಬಂದೆ.

ಶುಕ್ರವಾರ ದೀಪ ಹಚ್ಚುವಾಗ, ಅವನಿಗೆ ಮಾತು ಕೊಡು ಎಂದು ದೇವರಲ್ಲಿ ಬೇಡಲಿಲ್ಲ. ನನ್ನ ಬಾಯಿ ಮುಚ್ಚಿಸು ಎಂದು ಬೇಡಿಕೊಂಡೆ.

ಇಬ್ರಾದವರು ಬಂದರು. ನಾನು ನೀರುದೋಸೆ ಹೊಯ್ಯುತ್ತಾ, ಸೌಟು ಹಿಡಿದು ಅಡುಗೆಮನೆಯ ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದೆ. "ನಿಮ್ಮ ಬಗ್ಗೆ ನಮಗೆ ಗೊತ್ತಿರಬೇಕಾದ್ದು ಎಂತಾದ್ರೂ ಉಂಟಾ?" ಎಂದು ಅವರು ಮೈದುನನನ್ನೇ ನೋಡಿ ಕೇಳಿದರು.

"ನ..." ಎಂದು ಅವನು ನಿಂತ. ಏನಿಲ್ಲ, ಬಂಗಾರದಂಥ ಹುಡುಗ ಎಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಇವರು ನನ್ನನ್ನೇ ನೋಡಿದರು, ಇವತ್ತು ಇವಳಿಗೆ ಏನಾಯಿತು ಎಂಬಂತೆ.

"ನನ್ನ ಮಾತು... ನಡುವೆ ನಿಲ್ತದೆ," ಎಂದ ಮೈದುನ. "ಮತ್ತೆ... ನಾನೇ ಶುರು ಮಾಡ್ತೇನೆ. ಅಲ್ಲಿವರೆಗೆ... ಕಾಯ್ಲಿಕ್ಕೆ ಆಗ್ತದಾ ಅಂತ... ಮಗಳ ಹತ್ತಿರ ಕೇಳಿ."

ಅವರು ಚಹಾದ ಲೋಟ ಕೆಳಗಿಟ್ಟರು. "ಕೇಳ್ತೇನೆ. ಆದ್ರೆ ಅವಳು ಶುರು ಮಾಡಿದ್ರೆ ನಿಲ್ಲಿಸುದೇ ಇಲ್ಲ. ಕಾಯ್ಲಿಕ್ಕೆ ನಿಮಗೆ ಆಗ್ತದಾ?"

ಮೈದುನ ನಕ್ಕ. ಆ ಒಗೆಯುವ ಕೋಣೆಯ ಹುಡುಗ ಎಡವಿದಲ್ಲಿ ನಗುತ್ತಾನಲ್ಲ, ಅದೇ ನಗು. ನನಗೆ ಕಣ್ಣು ಮಂಜಾಯಿತು, ಹೊಗೆ ಎಂದುಕೊಂಡೆ. ಹೊಗೆಯೂ ಇತ್ತು ಅನ್ನಿ. ಒಳಗೆ ಹೋಗಿ, ಕರಕಲಾದ ದೋಸೆಯನ್ನು ಕಾವಲಿಯಿಂದ ಕೆರೆದು ತೆಗೆದು, ಇನ್ನೊಂದು ಹೊಯ್ದೆ.