ಮೋರಿ ಹಾರುವ ಸೈಕಲ್

ನಲವತ್ತೊಂದನೆಯ ವಯಸ್ಸಿನಲ್ಲಿ ನಾನೊಂದು ಭೀಷಣ ನಿರ್ಧಾರ ಮಾಡಿದೆ. ಇಡೀ ಜಯನಗರದಲ್ಲಿ ಯಾರ ಬಳಿಯೂ ಇಲ್ಲದಂಥ ಸೈಕಲ್ ಕೊಳ್ಳಬೇಕು! ಅದು ಬಂಡೆ ಹತ್ತಬೇಕು, ಹಳ್ಳ ಇಳಿಯಬೇಕು, ಮೋರಿ ಎದುರಾದರೆ ಹಾರಬೇಕು. ಬೆಲೆ ಮಾತ್ರ ಗುಮಾಸ್ತನ ಜೇಬಿಗೆ ಎಟುಕುವಂತಿರಬೇಕು.

ಇದಕ್ಕೆಲ್ಲ ಕಾರಣ ನನ್ನ ಬಾಯಿ. 1984ರ ಬೇಸಿಗೆಯಲ್ಲಿ ನಮ್ಮ ಆಫೀಸಿನವರು ಕೋಣನಕುಂಟೆಯ ಆಚೆಯ ಗುಡ್ಡಗಳಿಗೆ ಸೈಕಲ್ ಪ್ರವಾಸ ಹೊರಡುವುದೆಂದು ಗೊತ್ತಾಯಿತು. ನಾಯಕ ಯಾರು ಎಂಬ ಮಾತು ಬಂದಾಗ ನಾನು ಎದೆ ತಟ್ಟಿಕೊಂಡೆ. ಪಕ್ಕದ ಮೇಜಿನ ದೇವದಾಸ್ ಸುಮ್ಮನೆ ನಕ್ಕ. ಆ ನಗು ನನಗೆ ಸಹಿಸಲಾಗಲಿಲ್ಲ. ಪದ್ಮನಾಭನಗರದಲ್ಲಿ ಹೊಸದಾಗಿ ತೋಡಿರುವ ಮೋರಿಯನ್ನು ಬರುವ ಭಾನುವಾರ ಸೈಕಲ್ ಮೇಲೆ ಹಾರುತ್ತೇನೆ, ಹಾರಿದರೆ ನಾನು ನಾಯಕ, ಇಲ್ಲದಿದ್ದರೆ ನೀನು ಎಂದು ಎಲ್ಲರೆದುರು ಘೋಷಿಸಿಬಿಟ್ಟೆ. ಸೋತರೆ ಗುಡ್ಡಕ್ಕೆ ಹೋಗುವಾಗಷ್ಟೇ ಅಲ್ಲ, ನಿವೃತ್ತಿಯವರೆಗೂ ಅವನ ಹಿಂದೆಯೇ ನಡೆಯಬೇಕು!

ಹೆಂಡತಿ ಶಾಂತಾದೇವಿಗೆ ಹೇಳಿದೆ. ಅವಳು ಹುಣಸೆಹಣ್ಣು ಕಿವುಚುತ್ತಲೇ ಕೇಳಿದಳು.

"ಮೋರಿ ದಾಟೋಕೆ ಹಲಗೆ ಹಾಕಿರ್ತಾರಲ್ರೀ, ಹಾರೋದ್ಯಾಕೆ?"

ಸಾಹಸದ ಗಂಧವೇ ಇಲ್ಲದವರ ಜೊತೆ ವಾದವೇಕೆಂದು ಹೊರಟೆ.

ಒಂದು ವಾರ ಬರೀ ಪರೀಕ್ಷೆ. ನಾಲ್ಕನೇ ಬ್ಲಾಕಿನ ಅಂಗಡಿಯೊಂದರಲ್ಲಿ ದಪ್ಪ ಟಯರಿನ, ನೇರ ಹ್ಯಾಂಡಲಿನ ಸೈಕಲ್ ಮಿಂಚುತ್ತಿತ್ತು. ಬೆಲೆ ಕೇಳಿದೆ, ಹ್ಯಾಂಡಲ್ ಮೇಲಿದ್ದ ಕೈ ತಾನಾಗಿ ಹಿಂದೆ ಬಂತು. ಅಗ್ಗದ ಸೈಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕೆ ಬಿಟ್ಟು ಗಟ್ಟಿತನ ನೋಡತೊಡಗಿದೆ. ಮೂರನೆಯದಕ್ಕೆ ಮಾಲೀಕರು ಬಹಳ ಗೌರವದಿಂದ ನನ್ನನ್ನು ಬಾಗಿಲವರೆಗೆ ಕಳಿಸಿಕೊಟ್ಟರು. ಗಂಗಯ್ಯನ ಅಂಗಡಿಯಿಂದ ಬಾಡಿಗೆ ಸೈಕಲ್ ತಂದು ಫುಟ್‌ಪಾತಿನಿಂದ ಧುಮುಕಿಸಿದೆ. ಮುಂದಿನ ಚಕ್ರ ಎಂಟರ ಆಕಾರಕ್ಕೆ ತಿರುಗಿತು. ಗಂಗಯ್ಯ ಆಡಿದ ಮಾತುಗಳನ್ನು ಮರ್ಯಾದಸ್ಥರು ಓದುವ ಕಡೆ ಬರೆಯುವಂತಿಲ್ಲ.

ಶನಿವಾರ ಸಂಜೆ ಜ್ಞಾನೋದಯ ಮನೆ ಬಾಗಿಲಿಗೇ ಬಂತು! ಹಾಲಿನ ಯಲ್ಲಯ್ಯ ಮೊಪೆಡ್ ಕೊಂಡಿದ್ದನಂತೆ, ಹಳೆಯ ಸೈಕಲ್ ಮಾರುತ್ತಾನಂತೆ. ಎರಡು ಕ್ಯಾನು ಹಾಲು ಹೇರಿಕೊಂಡು ಕೋಣನಕುಂಟೆಯಿಂದ ಕಲ್ಲು ಗುಂಡಿಗಳ ದಾರಿಯಲ್ಲಿ ಒಂಬತ್ತು ವರ್ಷ ಬಂದ ಸೈಕಲ್! ಮುಂದೆ ಜೋಡಿ ಕಬ್ಬಿಣದ ಬಾರು, ಚಕ್ರಕ್ಕೆ ಬೆರಳುದಪ್ಪದ ಕಡ್ಡಿಗಳು. ಎತ್ತಿ ಬಿಟ್ಟೆ, ಒದ್ದೆ, ಕ್ಯಾರಿಯರ್ ಮೇಲೆ ಹತ್ತಿ ಕುಣಿದೆ. ಒಂದು ನಟ್ಟೂ ಅಲುಗಲಿಲ್ಲ.

ಯಲ್ಲಯ್ಯ ಬೆಲ್ಲು ಮಾತ್ರ ಬಿಚ್ಚಿಕೊಳ್ಳುತ್ತೇನೆಂದ. ಅದರ ಮೇಲೆ ಅವನಿಗೆ ಪ್ರೀತಿ. ನಾನು ಬಿಡುತ್ತೇನೆಯೇ? ಬೆಲ್ಲಿಲ್ಲದಿದ್ದರೆ ವ್ಯಾಪಾರವೇ ಇಲ್ಲವೆಂದೆ. ಪಾಪ, ಬಿಟ್ಟುಕೊಟ್ಟ.

ಭಾನುವಾರ ಬೆಳಿಗ್ಗೆ ಆರೂವರೆ. ದೇವದಾಸ್ ಮತ್ತು ಆಫೀಸಿನ ಐದು ಜನ ಮೋರಿಯ ಪಕ್ಕ ನಿಂತಿದ್ದರು. ಅಗೆದ ಮಣ್ಣು ದಿಬ್ಬವಾಗಿ ಬಿದ್ದಿತ್ತು. ನೆಗೆಯಲು ಹೇಳಿ ಮಾಡಿಸಿದ ಜಾಗ. ನಾನು ಬೀದಿಯ ತುದಿಯಿಂದ ಪೆಡಲ್ ತುಳಿದೆ. ಸೈಕಲ್ ಗುಂಡಿಗಳನ್ನು ನುಂಗಿಕೊಂಡು ಓಡಿತು. ಸಂತೋಷ ತಡೆಯಲಾಗದೆ ರಣಕಹಳೆ ಊದಿದೆ. ಅಂದರೆ ಬೆಲ್ಲು ಬಾರಿಸಿದೆ, ಉದ್ದಕ್ಕೂ.

ಅದು ಯಲ್ಲಯ್ಯ ಹಾಲು ಹಾಕುವ ಬೀದಿ. ಅವನು ಸೈಕಲ್ ಮಾರಿದ ಸುದ್ದಿ ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಬೆಲ್ಲು ಕೇಳಿದ್ದೇ ತಡ, ಪಟಪಟನೆ ಬಾಗಿಲುಗಳು ತೆರೆದವು. ಪಾತ್ರೆ ಹಿಡಿದ ಏಳೆಂಟು ಹೆಂಗಸರು ಓಡಿ ಬಂದು ಮೋರಿಯ ಆಚೆ ದಡದಲ್ಲಿ, ನಾನು ಇಳಿಯಬೇಕಾದ ಜಾಗದಲ್ಲೇ ಸಾಲಾಗಿ ನಿಂತರು!

ಎರಡೂ ಬ್ರೇಕು ಹಿಡಿದೆ. ಸೈಕಲ್ ದಿಬ್ಬದ ಮೇಲೆ ನಿಂತಿತು. ನಾನು ನಿಲ್ಲಲಿಲ್ಲ.

ಮೋರಿಯ ಕೆಸರಿನಿಂದ ತಲೆ ಎತ್ತಿದಾಗ ಮೇಲೆ ಪಾತ್ರೆಗಳು ಕಂಡವು. ಮೂಲೆಮನೆಯ ಈಶ್ವರಮ್ಮ ಬಗ್ಗಿ ನೋಡಿದರು.

"ಹಾಲೆಲ್ಲಾ ಚೆಲ್ಲೋಯ್ತಾ ಯಲ್ಲಯ್ಯ?"

ನಾನು ಮುಖ ಒರೆಸಿಕೊಂಡೆ. ಅವರು ಇನ್ನಷ್ಟು ಬಗ್ಗಿದರು.

"ಇವ್ನು ಯಲ್ಲಯ್ಯ ಅಲ್ಲ ಕಣ್ರೇ. ಯಾರೋ ಹೊಸಬನ್ನ ಕಳ್ಸವ್ನೆ."

ನಾಳೆಯಿಂದ ನಿಧಾನವಾಗಿ ಬಾ, ನೀರು ಬೆರೆಸಬೇಡ ಎಂದು ಬುದ್ಧಿಯನ್ನೂ ಹೇಳಿದರು. ದೇವದಾಸ್ ಕೈ ಕೊಟ್ಟು ಮೇಲೆತ್ತಿದ. ಈ ಸಲ ಅವನು ನಗಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಪ್ರವಾಸಕ್ಕೆ ಎಷ್ಟು ಗಂಟೆಗೆ ಹೊರಡಬೇಕೆಂದು ತಾನೇ ಎಲ್ಲರಿಗೂ ತಿಳಿಸುವುದಾಗಿ ಮೃದುವಾಗಿ ಹೇಳಿದ.

ಕುಂಟುತ್ತಾ ಸೈಕಲ್ ತಳ್ಳಿಕೊಂಡು ಮನೆ ಸೇರಿದೆ. ಶಾಂತಾದೇವಿ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಕೆಸರು ತೊಳೆದು, ಮಂಡಿಗೆ ಅರಿಶಿನ ಮೆತ್ತಿದಳು. ಆಮೇಲೆ ಸೈಕಲ್ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಚಕ್ರ ತಿರುಗಿಸಿದಳು, ಹ್ಯಾಂಡಲ್ ಅಲುಗಾಡಿಸಿದಳು.

"ಒಳ್ಳೇ ಸೈಕಲ್ಲನ್ನೇ ಆರಿಸಿದೀರಿ. ಒಂದು ಕಡ್ಡಿನೂ ಬಾಗಿಲ್ಲ" ಎಂದಳು.

ಮದುವೆಯಾಗಿ ಹದಿನಾರು ವರ್ಷಕ್ಕೆ ಸಿಕ್ಕ ಮೊದಲ ಮೆಚ್ಚುಗೆ! ಆ ನೋವಿನಲ್ಲೂ ನನ್ನ ಎದೆ ಉಬ್ಬಿತು.

"ಅಳಿಯನ್ನ ಆರಿಸೋವಾಗ ನಮ್ಮಪ್ಪನೂ ಹೀಗೆ ಒಂದು ವಾರ ಪರೀಕ್ಷೆ ಮಾಡ್ಬೇಕಿತ್ತು" ಎಂದು ಒಳಗೆ ಹೋದಳು.